ಶಿರಸಿಯ ಎರಡು ಮದುವೆ, ಎರಡು ಬೆಂಕಿ

ಹೋಳಿ ಹುಣ್ಣಿಮೆಗೆ ಇನ್ನೂ ನಾಲ್ಕೈದು ದಿನ ಇರುವಾಗಲೇ ಶಿರಸಿ ಪೇಟೆಗೆ ರಾತ್ರಿ ನಿದ್ದೆ ಇರುವುದಿಲ್ಲ. ಊಟ ಮುಗಿದು ಅಂಗಡಿಗಳ ಬಾಗಿಲು ಬೀಳುವ ಹೊತ್ತಿಗೆ ಕೇರಿ ಕೇರಿಗಳಿಂದ ತಮಟೆಯ ಸದ್ದು ಏಳುತ್ತದೆ. ಬೆನ್ನಿಗೆ ನವಿಲುಗರಿಯ ಗೂಡು, ಮುಖಕ್ಕೆ ಕೆಂಪು ಬಣ್ಣ, ಕಿವಿಯವರೆಗೆ ಚಾಚಿದ ಮೀಸೆ, ಕೈಯಲ್ಲಿ ಕತ್ತಿ ಮತ್ತು ಗುರಾಣಿ. ಗೆಜ್ಜೆ ಕಟ್ಟಿದ ಕಾಲು ನೆಲಕ್ಕೆ ಬಡಿಯುತ್ತಾ ಒಂದು ಆಕೃತಿ ಜನರ ಮೇಲೆ ನುಗ್ಗಿ ಬರುತ್ತದೆ. ಹಿಂದಿನಿಂದ ಇಬ್ಬರು ಅದರ ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಜಗ್ಗಿ ಹಿಡಿದಿರುತ್ತಾರೆ. ಇದು ಬೇಡರ ವೇಷ. ಒಂದು ವರ್ಷ ಬಿಟ್ಟು ಒಂದು ವರ್ಷ ಬರುವ ಈ ಆಟವನ್ನು ನೋಡಲು ಸುತ್ತಲಿನ ಹಳ್ಳಿಗಳೇ ಪೇಟೆಗೆ ಇಳಿಯುತ್ತವೆ.

ಭೈರುಂಬೆಯಂಥ ಅಡಿಕೆ ಸೀಮೆಯ ಊರುಗಳಿಗೆ ಇದು ತುಸು ಬಿಡುವಿನ ಕಾಲ. ಕೊನೆ ಕೊಯ್ದಾಗಿರುತ್ತದೆ, ಅಡಿಕೆ ಸುಲಿದು ಬೇಯಿಸುವ ಭರಾಟೆ ಇಳಿದಿರುತ್ತದೆ. ಮಕ್ಕಳನ್ನು ಕಟ್ಟಿಕೊಂಡು ರಾತ್ರಿ ಪೇಟೆಗೆ ಬಂದವರು ರಸ್ತೆಯ ಅಂಚಿನಲ್ಲೂ ಜಗುಲಿಗಳ ಮೇಲೂ ಬೆಳಗಿನ ಜಾವದವರೆಗೆ ನಿಂತಿರುತ್ತಾರೆ. ವೇಷ ಹತ್ತಿರ ಬಂದಾಗ ಚಿಕ್ಕ ಮಕ್ಕಳು ಚೀರಿ ಅಪ್ಪನ ಹೆಗಲಿಗೆ ಮುಖ ಒತ್ತುತ್ತವೆ. ಹುಡುಗರು ಸಿಳ್ಳೆ ಹಾಕುತ್ತಾರೆ. ಹಗ್ಗ ಹಿಡಿದವರ ಕೈ ಒಮ್ಮೆ ಸಡಿಲವಾದರೆ ಇಡೀ ಗುಂಪು ಹೋ ಎಂದು ಹಿಂದೆ ಸರಿದು, ಮರುಕ್ಷಣ ನಕ್ಕು ಮುಂದೆ ಬರುತ್ತದೆ. ಭಯವೂ ಖುಷಿಯೂ ಹೀಗೆ ಒಂದರ ಹಿಂದೆ ಒಂದು ಬರುವ ಈ ಆಟದ ಬೆನ್ನಿಗಿರುವುದು ಒಂದು ಮದುವೆಯ ಕಥೆ, ಅದೂ ಸಾವಿನಲ್ಲಿ ಮುಗಿದ ಮದುವೆ. ಆದರೆ ರಾತ್ರಿಯಿಡೀ ನೋಡಿದರೂ ಅಲ್ಲಿ ಮದುಮಗಳು ಕಾಣುವುದಿಲ್ಲ.

ಮಲ್ಲೇಶಿ ಮತ್ತು ರುದ್ರಾಂಬಿಕೆ

ಐತಿಹ್ಯ ಹೀಗಿದೆ. ಸುಮಾರು 300 ವರ್ಷಗಳ ಹಿಂದೆ, ಸೋಂದೆಯ ಅರಸರ ಕಾಲದಲ್ಲಿ, ಶಿರಸಿಯ ರಕ್ಷಣೆಗೆ ಮಲ್ಲೇಶಿ ಎಂಬ ಬೇಡ ಯುವಕನನ್ನು ನೇಮಿಸಲಾಯಿತು. ಆತ ಶೂರ, ಆಟ ಕುಣಿತಗಳಲ್ಲೂ ಮುಂದು. ಮೊದಮೊದಲು ಊರಿಗೆ ಬೇಕಾದವನಾಗಿದ್ದವನು ಬರುಬರುತ್ತಾ ಊರಿಗೇ ಕಂಟಕನಾದ. ಹೆಣ್ಣುಮಕ್ಕಳು ಹೊರಗೆ ಕಾಲಿಡುವುದು ಕಷ್ಟವಾಯಿತು. ಆತನ ಕಣ್ಣು ವರ್ತಕ ದಾಸಪ್ಪ ಶೆಟ್ಟಿಯ ಮಗಳು ರುದ್ರಾಂಬಿಕೆಯ ಮೇಲೆ ಬಿತ್ತು. ಊರನ್ನು ಉಳಿಸಲು ಆಕೆ ಅವನನ್ನು ಮದುವೆಯಾದಳು. ಹೋಳಿಯ ದಿನ ಆತ ಮೈಮರೆತು ಕುಣಿಯುತ್ತಿದ್ದಾಗ ಅವನ ಕಣ್ಣಿಗೆ ಆಮ್ಲ ಎರಚಿದಳು. ಕಣ್ಣು ಕಳೆದುಕೊಂಡ ಮಲ್ಲೇಶಿ ಕತ್ತಿ ಹಿಡಿದು ಅವಳನ್ನು ಕೊಲ್ಲಲು ಅಟ್ಟಾಡಿದ. ಜನ ಅವನನ್ನು ಹಿಡಿದು ಕಟ್ಟಿ ಜೀವಂತ ಸುಟ್ಟರು. ಎಷ್ಟಾದರೂ ತಾಳಿ ಕಟ್ಟಿದ ಗಂಡನೆಂದು ರುದ್ರಾಂಬಿಕೆ ಅದೇ ಬೆಂಕಿಗೆ ಹಾರಿದಳು.

ಹೇಳುವವರು ಬದಲಾದಂತೆ ಕಥೆಯ ವಿವರವೂ ಬದಲಾಗುತ್ತದೆ. ಒಬ್ಬರ ಬಾಯಲ್ಲಿ ಆಕೆ ತಾನಾಗಿ ಮುಂದೆ ಬಂದವಳು. ಇನ್ನೊಬ್ಬರ ಬಾಯಲ್ಲಿ ಊರೇ ಅವಳನ್ನು ಮುಂದೆ ತಳ್ಳಿದೆ. ಎರಡರ ನಡುವಿನ ವ್ಯತ್ಯಾಸ ಸಣ್ಣದಲ್ಲ. ಮೊದಲನೆಯದು ತ್ಯಾಗ, ಎರಡನೆಯದು ಬಲಿ. ಆದರೆ ಹೇಳುವಾಗ ಎರಡಕ್ಕೂ ಬಳಕೆಯಾಗುವುದು ‘ತ್ಯಾಗ’ ಎಂಬ ಒಂದೇ ಪದ. ಆಕೆಯ ನೆನಪಿಗಾಗಿಯೇ ಬೇಡರ ವೇಷ ಕಟ್ಟುತ್ತಾರೆ ಎಂಬ ಮಾತು ಶಿರಸಿಯಲ್ಲಿ ಎಲ್ಲರ ಬಾಯಲ್ಲೂ ಇದೆ.

ಹಾಗಿದ್ದರೆ ವೇಷ ಆಕೆಯದಾಗಬೇಕಿತ್ತಲ್ಲವೇ? ಆಟದಲ್ಲಿ ಮದುವೆಯಿಲ್ಲ, ಮಾತಿಲ್ಲ, ಸಂಭಾಷಣೆಯಿಲ್ಲ. ಒಂದು ದೊಡ್ಡ ಕಥೆಯ ಕೊನೆಯ ಕೆಲವು ನಿಮಿಷಗಳನ್ನಷ್ಟೇ ಕತ್ತರಿಸಿ ತೆಗೆದು ಅದನ್ನೇ ರಾತ್ರಿಯಿಡೀ ಹಿಗ್ಗಿಸಿದಂತಿದೆ. ಕಣ್ಣು ಹೋದ ಗಂಡಸಿನ ರೋಷ, ತಡಕಾಟ, ಸುತ್ತಲಿನ ಜನರ ಮೇಲೆ ಏರಿ ಹೋಗುವುದು, ಹಿಡಿದವರ ಕೈಯಿಂದ ಬಿಡಿಸಿಕೊಳ್ಳಲು ಹೆಣಗುವುದು. ವೇಷಧಾರಿಯ ಹಿಂದಿನ ಹಗ್ಗ ಇಲ್ಲಿ ಎರಡು ಕೆಲಸ ಮಾಡುತ್ತದೆ. ಊರವರು ಮಲ್ಲೇಶಿಯನ್ನು ಹಿಡಿದು ಕಟ್ಟಿದ್ದನ್ನು ಅದು ಹೇಳುತ್ತದೆ. ಜೊತೆಗೆ, ತಮಟೆಯ ಗತಿಗೆ ಮೈಮರೆತು ಕುಣಿಯುವವನ ಕೈಯಲ್ಲಿ ಕತ್ತಿ ಇರುವುದರಿಂದ ಅದು ನಿಜವಾದ ಕಡಿವಾಣವೂ ಹೌದು. ನೋಡುವವರ ಭಯ ಆನಂದವಾಗಿ ತಿರುಗುವುದು ಈ ಹಗ್ಗದಿಂದಲೇ. ಹಗ್ಗ ಇದೆ ಎಂಬ ಭರವಸೆ ಇಲ್ಲದಿದ್ದರೆ ಅಲ್ಲಿ ಯಾರೂ ನಿಲ್ಲುತ್ತಿರಲಿಲ್ಲ. ಅದು ಹರಿಯಬಹುದು ಎಂಬ ಅಳುಕು ಇಲ್ಲದಿದ್ದರೆ ಯಾರೂ ಬರುತ್ತಿರಲಿಲ್ಲ.

ವೇಷ ಕಟ್ಟುವುದು ಸುಲಭದ ಕೆಲಸವಲ್ಲ. ಹಲವು ದಿನಗಳ ತಾಲೀಮು ಬೇಕು. ಬಣ್ಣ ಬಳಿದು, ಹತ್ತಿ ಅಂಟಿಸಿ, ಗರಿಯ ಗೂಡು ಕಟ್ಟಿ ಮುಗಿಸಲು ಗಂಟೆಗಟ್ಟಲೆ ಹಿಡಿಯುತ್ತದೆ. ಮುಖವರ್ಣಿಕೆಯಲ್ಲಿ ಯಕ್ಷಗಾನದ ಬಣ್ಣದ ವೇಷದ ನೆರಳು ಕಾಣುತ್ತದೆ. ಆದರೆ ಯಕ್ಷಗಾನದ ರಾಕ್ಷಸನಿಗೆ ಇರುವ ಪದ್ಯ, ಅರ್ಥಗಾರಿಕೆ ಬೇಡನಿಗಿಲ್ಲ. ಆತ ಮೂಕ. ತನ್ನ ತಪ್ಪನ್ನಾಗಲಿ ಸಂಕಟವನ್ನಾಗಲಿ ಆತ ಹೇಳಿಕೊಳ್ಳುವಂತಿಲ್ಲ. ಹೇಳದೆ ಇರುವುದರಿಂದಲೋ ಏನೋ, ಬೆಳಗಿನ ಜಾವ ತಮಟೆ ನಿಧಾನವಾಗಿ ವೇಷಧಾರಿ ದಣಿದು ನಿಂತಾಗ ನೋಡುವವರ ಮನಸ್ಸು ಖಳನ ಕಡೆಗೇ ತುಸು ವಾಲುತ್ತದೆ. ದುಃಖದ ಕಥೆಯಲ್ಲಿ ಕರುಣೆ ಯಾರಿಗೆ ಸಲ್ಲಬೇಕೆಂದು ಕಥೆಗಿಂತ ಹೆಚ್ಚಾಗಿ ತೀರ್ಮಾನಿಸುವುದು ರಂಗ. ಯಾರು ಕಣ್ಣ ಮುಂದೆ ಇದ್ದಾರೋ ಅವರಿಗೆ ಕರುಣೆ ಸಲ್ಲುತ್ತದೆ.

ಆಮ್ಲ, ಚಿತೆ, ಕಾಮ

ಐತಿಹ್ಯವನ್ನು ಇತಿಹಾಸವೆಂದು ಓದಹೊರಟರೆ ಹಲವು ಕಡೆ ತೊಡಕಾಗುತ್ತದೆ. ಶಿರಸಿಯಿಂದ ಅನತಿ ದೂರದ ಸೋಂದೆ ವಿಜಯನಗರದ ಪತನಾನಂತರದ ನಾಯಕ ಅರಸರ ರಾಜಧಾನಿಯಾಗಿತ್ತು ಎಂಬುದು ಸರಿ. 1763ರ ಸುಮಾರಿಗೆ ಹೈದರಾಲಿಯ ಸೈನ್ಯ ಅದನ್ನು ಮುಗಿಸುವವರೆಗೆ ಈ ಸೀಮೆ ಅವರದೇ. ಘಟ್ಟದ ಮೇಲಿನ ಮೆಣಸು, ಅಡಿಕೆಯ ವ್ಯಾಪಾರ ಶಿರಸಿಯ ಮೂಲಕ ಸಾಗುತ್ತಿದ್ದುದರಿಂದ ವರ್ತಕರು ಕಾವಲಿಗಾಗಿ ಬೇಡ ಯೋಧರನ್ನು ಇಟ್ಟುಕೊಂಡಿದ್ದರೆ ಆಶ್ಚರ್ಯವಿಲ್ಲ. ಕಾವಲುಗಾರನೇ ಒಡೆಯನಂತಾಡುವುದು ಪಾಳೆಯಗಾರರ ಆ ಕಾಲದಲ್ಲಿ ಹೊಸತೂ ಅಲ್ಲ. ಆದರೆ ‘ಆಮ್ಲ’ ಎಂಬ ವಿವರ ಮಾತ್ರ ತೀರಾ ಈಚಿನದಂತೆ ಕೇಳಿಸುತ್ತದೆ. ಅಕ್ಕಸಾಲಿಗರ ಮನೆಯಲ್ಲಿ ಲೋಹ ತೊಳೆಯುವ ದ್ರಾವಣ ಇದ್ದಿರಬಹುದಾದರೂ, ಬಾಯಿಂದ ಬಾಯಿಗೆ ಬರುವ ಕಥೆ ತನ್ನ ಆಯುಧಗಳನ್ನು ಆಯಾ ಕಾಲದಿಂದ ಆರಿಸಿಕೊಳ್ಳುತ್ತದೆ. ನಮ್ಮ ಕಾಲದಲ್ಲಿ ಆಮ್ಲ ಬಿದ್ದದ್ದು ಹೆಚ್ಚಾಗಿ ‘ಒಲ್ಲೆ’ ಎಂದ ಹೆಣ್ಣುಮಕ್ಕಳ ಮುಖದ ಮೇಲೆ. ಆ ಅಪರಾಧಕ್ಕೆ ದಂಡ ಸಂಹಿತೆಯಲ್ಲಿ ಪ್ರತ್ಯೇಕ ಕಲಮು ಸೇರಿದ್ದು 2013ರಲ್ಲಿ. ಐತಿಹ್ಯದಲ್ಲಿ ಮಾತ್ರ ಆಯುಧ ಹೆಣ್ಣಿನ ಕೈಯಲ್ಲಿದೆ.

ಅಂಥ ಧೈರ್ಯ ಮಾಡಿದವಳು ಮರುಗಳಿಗೆಯಲ್ಲಿ ಚಿತೆಗೇಕೆ ಹಾರಿದಳು? ಇದಕ್ಕೆ ಉತ್ತರ ಸಿಗುವುದು ಕಥೆ ಹುಟ್ಟಿದ ಸಮಾಜದಲ್ಲಿ. ಕರ್ನಾಟಕದ ಊರೂರಲ್ಲಿ ಮಾಸ್ತಿಕಲ್ಲುಗಳಿವೆ. ಬಳೆ ತೊಟ್ಟು ಎತ್ತಿ ನಿಂತ ಒಂದು ತೋಳು, ಅಂಗೈಯಲ್ಲಿ ನಿಂಬೆಹಣ್ಣು. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನ 1057ರ ಶಾಸನದಲ್ಲಿ ದೇಕಬ್ಬೆ ಎಂಬಾಕೆ ತಂದೆ ತಾಯಿ ಬೇಡವೆಂದರೂ ಕೇಳದೆ ಗಂಡನ ಹಿಂದೆ ಬೆಂಕಿ ಹೊಕ್ಕ ಸಂಗತಿ ಇದೆ. ಗಂಡನ ಕಣ್ಣು ಕಳೆದವಳನ್ನು ಊರು ಸುಮ್ಮನೆ ಮನೆಗೆ ಕಳುಹಿಸಿದ್ದರೆ ಆಕೆ ಗಂಡನಿಗೆ ದ್ರೋಹ ಬಗೆದ ಹೆಂಡತಿಯಾಗಿ ಉಳಿಯುತ್ತಿದ್ದಳು. ಚಿತೆಗೆ ಹಾರಿದ್ದರಿಂದ ಮಹಾಸತಿಯಾದಳು. ಊರಿಗೆ ಆಕೆಯ ಧೈರ್ಯವೂ ಬೇಕಿತ್ತು, ಅದರ ಲೆಕ್ಕವನ್ನು ಆಕೆಯೇ ತೀರಿಸುವುದೂ ಬೇಕಿತ್ತು. ಬಂಗಾಳದಲ್ಲಿ 1829ರಲ್ಲಿ, ಮದರಾಸು ಮತ್ತು ಮುಂಬಯಿ ಪ್ರಾಂತಗಳಲ್ಲಿ 1830ರಲ್ಲಿ ಸಹಗಮನ ನಿಷೇಧವಾಯಿತು. ರಾಜಸ್ಥಾನದ ದೇವರಾಲಾ ಪ್ರಕರಣದ ನಂತರ 1987ರಲ್ಲಿ ಬಂದ ಕಾಯಿದೆ ಸಹಗಮನವನ್ನು ವೈಭವೀಕರಿಸುವುದನ್ನೂ ಅಪರಾಧವೆಂದಿತು. ರುದ್ರಾಂಬಿಕೆಯ ಕಥೆ ಹೇಳುವಾಗ ಆಕೆಯ ಸಾಹಸವನ್ನು ಹೊಗಳಿ ಸಾವನ್ನು ಹೊಗಳದೆ ಇರುವುದು ಸಾಧ್ಯ. ಹಾಗೆ ಹೇಳುವವರು ಇನ್ನೂ ಕಡಿಮೆ.

ಇನ್ನೊಂದು ಸಂಗತಿ ಗಮನಿಸಬೇಕು. ಈ ಆಟ ಬೇರೆ ಯಾವ ಹಬ್ಬಕ್ಕೂ ಅಲ್ಲದೆ ಹೋಳಿಗೇ ಏಕೆ ಅಂಟಿಕೊಂಡಿತು? ಹೋಳಿಯೆಂದರೆ ಕಾಮದಹನ. ಶಿವನ ಉರಿಗಣ್ಣಿಗೆ ಕಾಮ ಬೂದಿಯಾಗುತ್ತಾನೆ, ರತಿ ವಿಧವೆಯಾಗುತ್ತಾಳೆ. ಉತ್ತರ ಕರ್ನಾಟಕದ ಊರುಗಳಲ್ಲಿ ಕಾಮಣ್ಣನನ್ನು ಸುಡುವಾಗ ಬಾಯಿಗೆ ಕೈ ಬಡಿದುಕೊಂಡು ಅಳುವ ಆಟ ಎಲ್ಲರಿಗೂ ಗೊತ್ತು. ಕಾಳಿದಾಸ ‘ಕುಮಾರಸಂಭವ’ದ ನಾಲ್ಕನೆಯ ಸರ್ಗವನ್ನು ಪೂರ್ತಿಯಾಗಿ ರತಿಯ ವಿಲಾಪಕ್ಕೇ ಕೊಟ್ಟಿದ್ದಾನೆ. ಕಾಮಾಂಧನಾದ ಗಂಡಸು, ಕಣ್ಣಿಗೆ ಬಿದ್ದ ಉರಿ, ಬೆಂಕಿಯಲ್ಲಿ ದಹನ, ಹಿಂದೆ ಉಳಿದ ಹೆಂಡತಿ. ಮಲ್ಲೇಶಿಯ ಕಥೆಯ ಎಲುಬುಗಳೆಲ್ಲ ಇಲ್ಲೇ ಇವೆ. ಎಲ್ಲೋ ನಡೆದ ಒಂದು ನಿಜವಾದ ಘಟನೆಯನ್ನು ಶಿರಸಿಯ ಜನ ಕಾಮದಹನದ ಅಚ್ಚಿನಲ್ಲಿ ಎರಕ ಹೊಯ್ದಿರಬಹುದು. ಕಾಮನಿಗೆ ಊರಿನ ಹೆಸರೊಂದನ್ನು ಕೊಟ್ಟು ಕಥೆ ಕಟ್ಟಿದ್ದರೂ ಇರಬಹುದು. ವ್ಯತ್ಯಾಸ ಒಂದೇ. ರತಿಗೆ ಗಂಡ ಮರಳಿ ಸಿಗುವನೆಂದು ಆಕಾಶವಾಣಿ ಹೇಳುತ್ತದೆ. ರುದ್ರಾಂಬಿಕೆಗೆ ಯಾವ ವಾಣಿಯೂ ಕೇಳಿಸಲಿಲ್ಲ.

ಮರುವರ್ಷದ ಮದುವೆ

ಬೇಡರ ವೇಷ ಪ್ರತಿವರ್ಷ ಬರುವುದಿಲ್ಲವೆಂದೆವಲ್ಲ. ಅದು ಬಾರದ ವರ್ಷ ಶಿರಸಿಯಲ್ಲಿ ಮಾರಿಕಾಂಬಾ ಜಾತ್ರೆ. 2022 ಮತ್ತು 2024ರ ಮಾರ್ಚ್ ತಿಂಗಳಲ್ಲಿ ಜಾತ್ರೆ ನಡೆದರೆ, ನಡುವಿನ 2023ರಲ್ಲೂ ಆಮೇಲಿನ 2025ರಲ್ಲೂ ಹೋಳಿಗೆ ಬೇಡ ಬಂದ. ಈ ಸರದಿಯನ್ನು ಊರಿನವರು ಅನುಕೂಲದ ಏರ್ಪಾಡೆಂದೇ ನೋಡುತ್ತಾರೆ. ಎರಡೂ ಉತ್ಸವ ಫಾಲ್ಗುಣದ ಆಸುಪಾಸಿನವು, ಎರಡಕ್ಕೂ ದುಡ್ಡು ದುಡಿಮೆ ಬೇಕು. ಆದರೆ ಕಥೆಗಳನ್ನು ಪಕ್ಕಪಕ್ಕ ಇಟ್ಟರೆ ಬೇರೆ ಏನೋ ಕಾಣುತ್ತದೆ. ಜಾತ್ರೆಯೂ ಒಂದು ಮದುವೆಯೇ, ಅದೂ ಬೆಂಕಿಯಲ್ಲೇ ಮುಗಿಯುತ್ತದೆ.

ದೇವಸ್ಥಾನದ ಹುಟ್ಟಿನ ಕಥೆಯಂತೆ, ಹಾನಗಲ್ಲಿನ ಜಾತ್ರೆಯ ನಂತರ ಪೆಟ್ಟಿಗೆಯಲ್ಲಿಟ್ಟ ದೇವಿಯ ಮೂರ್ತಿಯೂ ಆಭರಣಗಳೂ ಕಳ್ಳರ ಪಾಲಾದವು. ಆಭರಣ ಹಂಚಿಕೊಂಡ ಅವರು ಮೂರ್ತಿಯಿದ್ದ ಪೆಟ್ಟಿಗೆಯನ್ನು ಶಿರಸಿಯ ಕೆರೆಗೆ ಎಸೆದು ಹೋದರು. ಕೆರೆಯಲ್ಲಿ ಸಿಕ್ಕ ಆ ಮೂರ್ತಿಯ ಪ್ರತಿಷ್ಠೆಯಾದದ್ದು 1689ರಲ್ಲಿ. ಏಳು ಅಡಿ ಎತ್ತರದ, ಎಂಟು ಕೈಗಳ ಮರದ ಮೂರ್ತಿ. ಜಾತ್ರೆಯ ಮೊದಲ ದಿನ, ಮಂಗಳವಾರ ರಾತ್ರಿ, ದೇವಿಯ ಕಲ್ಯಾಣ. ಮರುದಿನ ಬೆಳಿಗ್ಗೆ ರಥವೇರಿ ಬಿಡಕಿಬೈಲಿನ ಗದ್ದುಗೆಗೆ ಬರುತ್ತಾಳೆ. ಒಂದು ವಾರ ಅಲ್ಲಿ ಆಕೆ ಮದುಮಗಳು. ಹೆಂಗಸರು ಗಂಟೆಗಟ್ಟಲೆ ಸರತಿಯಲ್ಲಿ ನಿಂತು ಉಡಿ ತುಂಬುತ್ತಾರೆ, ಸೀರೆ, ಕಣ, ಬಳೆ, ಅರಿಸಿನ ಕುಂಕುಮ ಒಪ್ಪಿಸುತ್ತಾರೆ. ಮುಂದಿನ ಬುಧವಾರ ಸೇವೆಗಳು ನಿಲ್ಲುತ್ತವೆ. ದೇವಿ ಗದ್ದುಗೆಯಿಂದ ಏಳುತ್ತಾಳೆ, ಮಾತಂಗಿ ಚಪ್ಪರಕ್ಕೆ ಬೆಂಕಿ ಬೀಳುತ್ತದೆ. ಅಲ್ಲಿಂದ ಆಕೆ ಊರಿನ ಗಡಿಗೆ ಹೋಗುತ್ತಾಳೆ. ಯುಗಾದಿಯಂದು ಪುನಃ ಪ್ರತಿಷ್ಠೆಯಾಗುವವರೆಗೆ ದೇವಸ್ಥಾನದಲ್ಲಿ ದರ್ಶನವಿಲ್ಲ.

ಇದರ ಹಿಂದಿನ ಕಥೆಯನ್ನು ಪೂಜೆಯ ಮಂತ್ರಗಳಲ್ಲಿ ಹುಡುಕಿದರೆ ಸಿಗುವುದಿಲ್ಲ, ಜನರ ಬಾಯಲ್ಲಿದೆ. ಅಸ್ಪೃಶ್ಯನೆನಿಸಿಕೊಂಡ ಜಾತಿಯ ಯುವಕನೊಬ್ಬ ತನ್ನ ಜಾತಿ ಮುಚ್ಚಿಟ್ಟು ಬ್ರಾಹ್ಮಣರ ಹುಡುಗಿಯನ್ನು ಮದುವೆಯಾಗುತ್ತಾನೆ. ಸಂಸಾರ ಚೆನ್ನಾಗಿಯೇ ಸಾಗುತ್ತದೆ, ಮಕ್ಕಳಾಗುತ್ತವೆ. ಒಂದು ದಿನ ಅವನ ತಾಯಿ ಮನೆಗೆ ಬರುತ್ತಾಳೆ. ಊಟದ ಹೊತ್ತಿನಲ್ಲಿ ಆಡಿದ ಒಂದು ಮಾತಿನಿಂದ ಗುಟ್ಟು ಒಡೆಯುತ್ತದೆ. ಸಿಟ್ಟಿನಿಂದ ಉರಿದೆದ್ದ ಹೆಂಡತಿ ಮಾರಿಯಾಗುತ್ತಾಳೆ. ಮನೆ ಸುಡುತ್ತಾಳೆ. ಓಡಿಹೋಗಿ ಕೋಣನಲ್ಲಿ ಅಡಗಿದ ಗಂಡನನ್ನು ಕೊಲ್ಲುತ್ತಾಳೆ. ಇದು ಶಿರಸಿಯೊಂದರ ಕಥೆಯಲ್ಲ. ಕನ್ನಡ, ತೆಲುಗು, ತಮಿಳು ಸೀಮೆಗಳುದ್ದಕ್ಕೂ ಇದೆ. ಮದರಾಸಿನ ಬಿಷಪ್ ಆಗಿದ್ದ ಹೆನ್ರಿ ವೈಟ್‌ಹೆಡ್ ದಕ್ಷಿಣದ ಗ್ರಾಮದೇವತೆಗಳ ಬಗ್ಗೆ 1916ರಲ್ಲಿ ಪ್ರಕಟಿಸಿದ ಪುಸ್ತಕದಲ್ಲೂ ಇದನ್ನು ದಾಖಲಿಸಿದ್ದಾರೆ. ಜಾತ್ರೆಯಲ್ಲಿ ಸುಡುವ ಚಪ್ಪರ ಆ ಮನೆ. ಪಟ್ಟದ ಕೋಣ ಆ ಗಂಡ. ದುರ್ಗೆ ಮಹಿಷಾಸುರನನ್ನು ಕೊಂದ ಪುರಾಣವನ್ನು ಇದರ ಮೇಲೆ ಹೊದಿಸಿ ಕೋಣನಿಗೆ ಬೇರೆ ಅರ್ಥ ಕೊಡುವ ವಾಡಿಕೆಯೂ ಇದೆ. ಅಸುರನಿಗೆ ತಾಳಿ ಕಟ್ಟಿಸಿಕೊಂಡದ್ದೇಕೆ ಎಂಬ ಪ್ರಶ್ನೆಗೆ ಆ ಪುರಾಣದಲ್ಲಿ ಉತ್ತರವಿಲ್ಲ.

1934ರಲ್ಲಿ ಹರಿಜನ ಯಾತ್ರೆಯ ಮೇಲೆ ಶಿರಸಿಗೆ ಬಂದ ಗಾಂಧೀಜಿ, ಪ್ರಾಣಿಬಲಿ ನಡೆಯುವ ದೇವಸ್ಥಾನದೊಳಕ್ಕೆ ಕಾಲಿಡಲು ಒಪ್ಪಲಿಲ್ಲ. ಆ ಬಳಿಕ ಬಲಿ ನಿಂತಿತು. ಇಂದು ಪಟ್ಟದ ಕೋಣ ಮೆರವಣಿಗೆಗಷ್ಟೇ. ಹೀಗೆ ಕೊಲೆಯ ದೃಶ್ಯ ಜಾತ್ರೆಯಿಂದ ಮರೆಯಾಯಿತು, ಮದುವೆ ಮತ್ತು ಬೆಂಕಿ ಮಾತ್ರ ಉಳಿದವು.

ಈ ಎರಡು ಆಟಗಳಲ್ಲಿ ರಂಗದ ಏರ್ಪಾಡು ತಿರುವುಮುರುವಾಗಿದೆ ಎಂಬುದು ಗಮನಾರ್ಹ. ಬೇಡರ ವೇಷದಲ್ಲಿ ಗಂಡ ಮಾತ್ರ ಇದ್ದಾನೆ, ಮದುಮಗಳು ಇಲ್ಲ. ಜಾತ್ರೆಯಲ್ಲಿ ಮದುಮಗಳು ಏಳು ಅಡಿ ಎತ್ತರ ಕುಳಿತಿದ್ದಾಳೆ, ಗಂಡನಿಗೊಂದು ಮನುಷ್ಯರೂಪವೂ ಇಲ್ಲ. ಜನರ ಪ್ರತಿಕ್ರಿಯೆಯೂ ಅದಕ್ಕೆ ತಕ್ಕಂತೆ. ಬೇಡನ ಮುಂದೆ ಸಿಳ್ಳೆ, ಚೀರಾಟ, ನಗು. ಗದ್ದುಗೆಯ ಮುಂದೆ ಕಣ್ಣೀರು. ವಾರವಿಡೀ ತವರಿಗೆ ಬಂದ ಮಗಳಂತೆ ಉಪಚರಿಸಿದ ದೇವಿ ಕೊನೆಯ ದಿನ ಎದ್ದು ನಿಂತಾಗ, ಸುತ್ತಲಿನ ಗದ್ದಲ ಒಮ್ಮೆಗೇ ತಗ್ಗುತ್ತದೆ. ಸೆರಗಿನಿಂದ ಕಣ್ಣೊರೆಸಿಕೊಳ್ಳುವ ಹೆಂಗಸರು ಬೇಕಾದಷ್ಟು ಕಾಣಸಿಗುತ್ತಾರೆ. ಆಕೆ ಯುಗಾದಿಗೆ ಮರಳಿ ಬರುತ್ತಾಳೆಂದು ಅವರಿಗೆ ಗೊತ್ತು. ಎರಡು ವರ್ಷಕ್ಕೆ ಮತ್ತೆ ಮದುಮಗಳಾಗುತ್ತಾಳೆಂದೂ ಗೊತ್ತು. ಆದರೂ ಅಳು ಬರುತ್ತದೆ.

ಗೊತ್ತಿದ್ದೂ ಅಳುವುದೇಕೆ?

ಕೊನೆ ಗೊತ್ತಿರುವ ಕಥೆಗೆ ಮನುಷ್ಯ ಮತ್ತೆ ಮತ್ತೆ ಅಳುವುದೇಕೆ ಎಂಬುದು ಹಳೆಯ ಪ್ರಶ್ನೆ. ಅರಿಸ್ಟಾಟಲನು ದುರಂತ ನಾಟಕ ಕರುಣೆಯನ್ನೂ ಭಯವನ್ನೂ ಕೆರಳಿಸಿ ಅವುಗಳನ್ನು ತಿಳಿಗೊಳಿಸುತ್ತದೆ ಎಂದ. ಭರತನ ನಾಟ್ಯಶಾಸ್ತ್ರ ಶೋಕ ಎಂಬ ಸ್ಥಾಯಿಭಾವ ರಂಗದ ಮೇಲೆ ಕರುಣರಸವಾಗುತ್ತದೆ ಎಂದಿತು. ಭಟ್ಟನಾಯಕ, ಅಭಿನವಗುಪ್ತರು ಇದನ್ನು ಇನ್ನಷ್ಟು ಬಿಡಿಸಿದರು. ರಂಗದ ಮೇಲಿನ ದುಃಖ ‘ನನ್ನದು’ ಎನ್ನಿಸಿದರೆ ಅದು ಬರಿಯ ಸಂಕಟ, ‘ಅವರದು’ ಎನ್ನಿಸಿದರೆ ಅದರ ಗೊಡವೆಯೇ ಬೇಡ. ಎರಡೂ ಅಲ್ಲದೆ ಎಲ್ಲರದೂ ಆದಾಗ ಅದು ರಸ. ಇದಕ್ಕೆ ಅವರು ಸಾಧಾರಣೀಕರಣವೆಂಬ ಹೆಸರಿಟ್ಟರು. ಗದ್ದುಗೆಯ ಮುಂದಿನ ಹೆಂಗಸು ಮಾರಿಯ ಜಾತಿಕಥೆ ನೆನೆದು ಅಳುತ್ತಿಲ್ಲ. ಉಡಿ ತುಂಬಿಸಿಕೊಂಡು ತವರಿನಿಂದ ಹೊರಟ ದಿನ, ಮಗಳನ್ನು ಕಳುಹಿಸಿಕೊಟ್ಟ ದಿನ, ಕುಂಕುಮ ಅಳಿಸಿದ ಅತ್ತೆಯೋ ಅಕ್ಕನೋ, ಇವೆಲ್ಲ ಆ ಒಂದು ಘಳಿಗೆಯಲ್ಲಿ ಕೂಡಿ ಬರುತ್ತವೆ. ಮದುವೆ ಮತ್ತು ಸಾವು ಒಂದಾದ ಕಥೆಗೆ ಈ ಬಲ ಹೆಚ್ಚು. ಹೆಣ್ಣಿನ ಬದುಕಿನ ಎರಡು ತುದಿಗಳನ್ನು ಅದು ಒಂದೇ ಗಂಟಿನಲ್ಲಿ ಹಿಡಿಯುತ್ತದೆ.

ಇಂಥ ಅಳುವಿಗೆ ಕರ್ನಾಟಕದಲ್ಲೇ ಇನ್ನೊಂದು ದೊಡ್ಡ ನೆಲೆಯಿದೆ. ಸವದತ್ತಿಯ ಎಲ್ಲಮ್ಮ ಮಾರ್ಗಶಿರದ ಹುಣ್ಣಿಮೆಯಂದು ಜಮದಗ್ನಿಯನ್ನು ಕಳೆದುಕೊಂಡು ವಿಧವೆಯಾಗುತ್ತಾಳೆ. ಅಂದು ಭಕ್ತೆಯರು ಬಳೆ ಒಡೆದುಕೊಳ್ಳುತ್ತಾರೆ. ಮಾಘದ ಭಾರತ ಹುಣ್ಣಿಮೆಗೆ ಆಕೆ ಮತ್ತೆ ಮುತ್ತೈದೆ, ಅಂದು ಹೊಸ ಬಳೆ. ತಮಿಳುನಾಡಿನ ಕೂವಾಗಂ ಎಂಬ ಹಳ್ಳಿಯಲ್ಲಿ ಚಿತ್ರಾ ಹುಣ್ಣಿಮೆಯ ಉತ್ಸವಕ್ಕೆ ಸೇರುವ ಲಿಂಗಪರಿವರ್ತಿತ ಹೆಣ್ಣುಮಕ್ಕಳು ಅರ್ಜುನನ ಮಗ ಅರವಾನನಿಗೆ ವಧುಗಳಾಗಿ ತಾಳಿ ಕಟ್ಟಿಸಿಕೊಂಡು, ಆತನ ಬಲಿಯಾದ ಮರುದಿನ ಅದನ್ನು ಕಡಿದು, ಬಳೆ ಒಡೆದು ಗೋಳಾಡುತ್ತಾರೆ. ಸಮಾಜದಲ್ಲಿ ಮದುವೆಯೇ ದಕ್ಕದವರಿಗೆ ಅಲ್ಲಿ ಒಂದು ರಾತ್ರಿಯ ಮದುವೆಯೂ ಬಾಯಿಬಿಟ್ಟು ಅಳುವ ಹಕ್ಕೂ ಸಿಗುತ್ತದೆ. ಹೀಗೆಂದ ಮಾತ್ರಕ್ಕೆ ಈ ಭಾವಾವೇಶವೆಲ್ಲ ನಿರಪಾಯ ಎನ್ನುವಂತಿಲ್ಲ. ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಹುಡುಗಿಯರ ಪಾಡು ತಡೆಯಲು 1982ರಲ್ಲಿ ಕರ್ನಾಟಕ ದೇವದಾಸಿ ಸಮರ್ಪಣೆ ನಿಷೇಧ ಕಾಯಿದೆಯನ್ನೇ ತರಬೇಕಾಯಿತು.

ಯಾರ ಮೇಲಿನ ಸಿಟ್ಟು?

ಅಳುವವರೆಲ್ಲ ಒಂದೇ ಕಾರಣಕ್ಕೆ ಅಳುವುದಿಲ್ಲ. ನೋಡುವವರೆಲ್ಲ ಒಂದೇ ಜಾಗದಲ್ಲಿ ನಿಂತಿಲ್ಲ. ರುದ್ರಾಂಬಿಕೆ ಶೆಟ್ಟರ ಮಗಳು, ಮಲ್ಲೇಶಿ ಬೇಡ. ಮಾರಿ ಬ್ರಾಹ್ಮಣರ ಹುಡುಗಿ, ಆಕೆಯ ಗಂಡ ದಲಿತ. ಎರಡೂ ಮದುವೆಗಳು ಜಾತಿಯ ಗೆರೆ ದಾಟಿದವು. ಎರಡರಲ್ಲೂ ತಪ್ಪು ಕೆಳಗಿನ ಜಾತಿಯ ಗಂಡಿನದು, ಎರಡರಲ್ಲೂ ಶಿಕ್ಷೆ ಸಾವು. ಕಥೆ ಕೇಳುವ ದಲಿತ ಹುಡುಗನಿಗೆ ಆ ಬೆಂಕಿ ಯಾರ ಮನೆಗೆ ಬಿತ್ತೆಂದು ಬಿಡಿಸಿ ಹೇಳಬೇಕಾಗಿಲ್ಲ. ಮಾರಿಯ ಕಥೆಯಲ್ಲಿ ಆ ಗಂಡ ಹೆಂಡತಿಗೆ ಹೊಡೆದವನಲ್ಲ, ಬಿಟ್ಟು ಹೋದವನಲ್ಲ. ಜಾತಿ ಮುಚ್ಚಿಟ್ಟದ್ದೇ ಅವನ ಅಪರಾಧ. ಹೇಳಿದ್ದರೆ ಮದುವೆಯೇ ಇರಲಿಲ್ಲ. ಕಣ್ಣೀರು ತರಿಸುವ ಕಥೆಯೊಂದು ಕಣ್ಣೀರಿನ ಜೊತೆಗೆ ಎಚ್ಚರಿಕೆಯನ್ನೂ ಕೊಡುತ್ತಿರುತ್ತದೆ: ಗೆರೆ ದಾಟಬೇಡಿ. ಅಳುವಿನ ಹೊತ್ತಿನಲ್ಲಿ ಮನಸ್ಸು ಮೆತ್ತಗಾಗಿರುವುದರಿಂದ ಆ ಎಚ್ಚರಿಕೆ ಪ್ರಶ್ನೆಯಿಲ್ಲದೆ ಒಳಗಿಳಿಯುತ್ತದೆ.

ಇದೇ ಕಥಾವಸ್ತುವನ್ನು ಬೇರೆ ರೀತಿ ಹೇಳಿದರೆ ಏನಾಗುತ್ತದೆಂಬುದಕ್ಕೆ ಕನ್ನಡದಲ್ಲೇ ದೊಡ್ಡ ನಿದರ್ಶನವಿದೆ. 12ನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಮದುವೆಯಾಯಿತು. ಶರಣರಾದ ಮೇಲೆ ಜಾತಿ ಎಲ್ಲಿಯದೆಂಬುದು ಅವರ ಮಾತು. ಬಿಜ್ಜಳನ ಆಸ್ಥಾನದ ಸಂಪ್ರದಾಯಸ್ಥರಿಗೆ ಅದು ವರ್ಣಸಂಕರ. ಇಬ್ಬರು ತಂದೆಯರಿಗೂ ಎಳೆಹೂಟೆಯ ಶಿಕ್ಷೆಯಾಯಿತು, ಕಲ್ಯಾಣ ಹೊತ್ತಿ ಉರಿಯಿತು. ಇಲ್ಲಿಯೂ ಗೆರೆ ದಾಟಿದ ಮದುವೆ, ಇಲ್ಲಿಯೂ ಸಾವು. ಆದರೆ ಈ ಕಥೆ ಕೇಳಿದವರ ಸಿಟ್ಟು ಮದುವೆಯಾದವರ ಮೇಲೆ ಹರಿಯುವುದಿಲ್ಲ, ಕೊಂದವರ ಮೇಲೆ ಹರಿಯುತ್ತದೆ. ಈ ಮದುವೆಯ ಸುತ್ತ ‘ತಲೆದಂಡ’ವನ್ನು 1990ರಲ್ಲಿ ಬರೆದ ಗಿರೀಶ ಕಾರ್ನಾಡರು ಬಾಲ್ಯ ಕಳೆದದ್ದು ಶಿರಸಿಯಲ್ಲೇ, ಇಲ್ಲಿನ ಯಕ್ಷಗಾನ ಮತ್ತು ಕಂಪನಿ ನಾಟಕಗಳನ್ನು ನೋಡುತ್ತಾ. ಜಾತಿ ಅಳಿಯಬೇಕಾದರೆ ಅಂತರ್ಜಾತೀಯ ವಿವಾಹವೇ ನಿಜವಾದ ಮದ್ದು ಎಂದು ಅಂಬೇಡ್ಕರ್ 1936ರಲ್ಲೇ ಬರೆದಿದ್ದರು. ಆ ಮದ್ದನ್ನು ನಂಜೆಂದು ತೋರಿಸುವ ಕಥೆಗಳು ಅದಕ್ಕಿಂತ ಹಳೆಯವು, ಅವುಗಳಿಗೆ ತಮಟೆಯೂ ರಥವೂ ಇವೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಿಗೆ ಮೂರನೆಯದೊಂದು ರಂಗವಿದೆ, ತಾಳಮದ್ದಲೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ್ಯ, ಮದ್ದಲೆ, ಎದುರುಬದುರು ಕುಳಿತ ಅರ್ಥಧಾರಿಗಳು. ದೇವಸ್ಥಾನದ ಚಂದ್ರಶಾಲೆಯಲ್ಲೋ ಮನೆಯ ಅಂಗಳದಲ್ಲೋ ಭೀಷ್ಮ ಮತ್ತು ಅಂಬೆಯ ಪ್ರಸಂಗ ನಡೆಯುತ್ತದೆನ್ನಿ. ಅದೂ ಮುರಿದ ಮದುವೆಯದೇ ಕಥೆ. ಸ್ವಯಂವರದಿಂದ ಎತ್ತಿ ತಂದ ಅಂಬೆಯನ್ನು ಪ್ರೀತಿಸಿದ ಸಾಲ್ವ ಒಲ್ಲೆನೆನ್ನುತ್ತಾನೆ, ತಂದ ಭೀಷ್ಮ ಪ್ರತಿಜ್ಞೆಯ ನೆಪ ಹೇಳುತ್ತಾನೆ. ಆಕೆಯೂ ಕೊನೆಗೆ ಬೆಂಕಿಗೇ ಬೀಳುವವಳು. ಆದರೆ ಅದಕ್ಕೆ ಮುನ್ನ ಆಕೆಗೆ ಮಾತಿದೆ. ನಿನ್ನ ಪ್ರತಿಜ್ಞೆಗೆ ನಾನೇಕೆ ಬೆಲೆ ತೆರಬೇಕೆಂದು ಆಕೆ ಕೇಳಿದಾಗ, ಅರ್ಥಧಾರಿ ಸಮರ್ಥನಾದರೆ, ಭೀಷ್ಮನ ಪಾತ್ರಧಾರಿ ತಡವರಿಸುವುದುಂಟು. ಕೇಳುತ್ತಾ ಕುಳಿತವರು ಆಗ ಅಳುವುದಿಲ್ಲ, ಸಿಳ್ಳೆಯನ್ನೂ 
ಹಾಕುವುದಿಲ್ಲ. ಮನೆಗೆ ಹೋಗುವ ದಾರಿಯಲ್ಲಿ ವಾದ ಮಾಡುತ್ತಾರೆ. ಅಂಬೆಯದು ಸರಿಯೋ, ಭೀಷ್ಮ ಬೇರೇನು ಮಾಡಬಹುದಿತ್ತು, ಸಾಲ್ವನಂಥವನನ್ನು ನಂಬಿದ್ದೇ ತಪ್ಪೋ ಎಂದು ಮರುದಿನದ ತೋಟದ ಕೆಲಸದ ನಡುವೆಯೂ ಆ ಚರ್ಚೆ ಮುಂದುವರಿಯುತ್ತದೆ.

ರುದ್ರಾಂಬಿಕೆಗೆ ಇಂಥ ಒಂದು ಪದ್ಯವನ್ನೂ ಯಾರೂ ಕೊಟ್ಟಿಲ್ಲವೆಂಬುದು ಬೇಡರ ವೇಷದ ಕುಂದೆನ್ನುವಂತಿಲ್ಲ, ಅದು ಕುಣಿತದ ಕಲೆ, ಅದರ ಶಕ್ತಿ ಮೈಯಲ್ಲಿದೆ. ಆದರೆ ಆಟ ಮುಗಿದ ಮೇಲೆ ಮಕ್ಕಳು ಕೇಳುವುದು ಬೇಡ ಯಾರು, ಅವನಿಗೇಕೆ ಅಷ್ಟು ಸಿಟ್ಟು ಎಂದೇ. ಆಗ ಮನೆಯ ಹಿರಿಯರು ಕಥೆ ಹೇಳಬೇಕಾಗುತ್ತದೆ. ಆ ಹುಡುಗಿಯ ಹೆಸರು ಬರುವುದು ಅಲ್ಲಿ, ಪೇಟೆಯಿಂದ ಹಳ್ಳಿಗೆ ಮರಳುವ ದಾರಿಯಲ್ಲಿ, ಮಕ್ಕಳಿಗೆ ಅರ್ಧ ನಿದ್ದೆ ಹತ್ತಿರುವಾಗ.